ಗ್ರಹದ ಮೇಲ್ಮೈಯಲ್ಲಿ ಗುರುತ್ವ ಬಲ: ಲೆಕ್ಕ ಹಾಕುವುದು ಹೇಗೆ, ತಪ್ಪುವುದು ಎಲ್ಲಿ

ಗ್ರಹದ ನೆಲದ ಮೇಲೆ ಓಡಾಡುವ ಯಂತ್ರವಾಹನವಾದ ಪರ್ಸಿವರೆನ್ಸ್ ರೋವರ್‌ನ ದ್ರವ್ಯರಾಶಿ 1025 ಕೆ.ಜಿ. 2021ರ ಫೆಬ್ರವರಿ 18ರಂದು ಅದು ಮಂಗಳ ಗ್ರಹದ ಜೆಜೆರೊ ಕುಳಿಯಲ್ಲಿ ಇಳಿಯಿತು. ಅಲ್ಲಿ ಅದರ ಆರು ಚಕ್ರಗಳು ನೆಲವನ್ನು ಒಟ್ಟು ಎಷ್ಟು ಬಲದಿಂದ ಒತ್ತುತ್ತವೆ? ಇದಕ್ಕೆ ಒಂಬತ್ತನೇ ತರಗತಿಯ ಸೂತ್ರವೊಂದೇ ಸಾಕು. ಸೂತ್ರ ಬಾಯಿಪಾಠ ಇದ್ದವರೂ ಉತ್ತರದಲ್ಲಿ ನಾಲ್ಕು ಪಟ್ಟು, ಕೆಲವೊಮ್ಮೆ ಹತ್ತು ಲಕ್ಷ ಪಟ್ಟು ತಪ್ಪುತ್ತಾರೆ. ಆ ತಪ್ಪುಗಳಲ್ಲಿ ಹೆಚ್ಚಿನವು ಸೂತ್ರದ ಒಂದೇ ಜಾಗದಲ್ಲಿ, ಅಂದರೆ 'ದೂರ' ಎಂಬಲ್ಲಿ, ಆಗುತ್ತವೆ. ಹಾಗಾಗಿ ಈ ಲೇಖನ ದೂರದ ಬಗ್ಗೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಸೂತ್ರ ಇದು:

ಬಲ = ಕ್ಯಾಪಿಟಲ್ ಜಿ × ಗ್ರಹದ ದ್ರವ್ಯರಾಶಿ × ವಸ್ತುವಿನ ದ್ರವ್ಯರಾಶಿ ÷ (ದೂರ × ದೂರ)

ಕ್ಯಾಪಿಟಲ್ ಜಿ ಎನ್ನುವುದು ವಿಶ್ವ ಗುರುತ್ವ ಸ್ಥಿರಾಂಕ. ಅದರ ಬೆಲೆ 6.674 × 10⁻¹¹, ಏಕಮಾನ ನ್ಯೂಟನ್·ಮೀ²/ಕೆ.ಜಿ.². ಈ ಏಕಮಾನವನ್ನು ಒಮ್ಮೆ ಗಮನವಿಟ್ಟು ನೋಡಿ. ಅದರಲ್ಲಿ ಮೀಟರ್ ಇದೆ, ಕಿಲೋಮೀಟರ್ ಇಲ್ಲ. ಕಿಲೋಗ್ರಾಂ ಇದೆ, ಗ್ರಾಂ ಇಲ್ಲ. ನೀವು ಹಾಕುವ ಅಂಕಿಗಳೂ ಇದೇ ಏಕಮಾನಗಳಲ್ಲಿ ಇದ್ದರೆ ಮಾತ್ರ ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ.

ಲೆಕ್ಕವನ್ನು ಒಂದೇ ಉಸಿರಿಗೆ ಮಾಡಬೇಡಿ. ಮೊದಲು ವಸ್ತುವನ್ನು ಬದಿಗಿಟ್ಟು ಗ್ರಹದ ಸ್ಮಾಲ್ ಜಿ, ಅಂದರೆ ಗುರುತ್ವ ವೇಗೋತ್ಕರ್ಷ, ಕಂಡುಹಿಡಿಯಿರಿ. ಕ್ಯಾಪಿಟಲ್ ಜಿಯನ್ನು ಗ್ರಹದ ದ್ರವ್ಯರಾಶಿಯಿಂದ ಗುಣಿಸಿ, ದೂರದ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಆಮೇಲೆ ವಸ್ತುವಿನ ದ್ರವ್ಯರಾಶಿಯಿಂದ ಗುಣಿಸಿ. ಹೀಗೆ ಎರಡು ಹಂತ ಮಾಡುವುದರಿಂದ ಎರಡು ಲಾಭಗಳಿವೆ. ಒಂದು, ಒಮ್ಮೆ ಕಂಡುಹಿಡಿದ ಸ್ಮಾಲ್ ಜಿ ಆ ಗ್ರಹದ ಮೇಲಿನ ಯಾವ ವಸ್ತುವಿಗೂ ನಡೆಯುತ್ತದೆ. ಇನ್ನೊಂದು, ಮಧ್ಯದಲ್ಲಿ ಬರುವ ಈ ಸಂಖ್ಯೆ ನಮ್ಮ ಅಂದಾಜಿಗೆ ಸಿಗುವಂಥದ್ದು. ನಮ್ಮ ಸೌರಮಂಡಲದ, ಗಟ್ಟಿ ನೆಲವಿರುವ ಯಾವ ಗ್ರಹಕ್ಕೂ 3ಕ್ಕಿಂತ ಕಡಿಮೆ ಅಥವಾ 10ಕ್ಕಿಂತ ಹೆಚ್ಚು ಬಂದರೆ ಅಲ್ಲೇ ನಿಂತು ತಪ್ಪು ಹುಡುಕಬಹುದು. ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಈ ಮಿತಿಯೊಳಗೇ ಇವೆ.

ದೂರ ಎಂದರೆ ಎಲ್ಲಿಂದ ಎಲ್ಲಿಗೆ?

ವಸ್ತು ನೆಲದ ಮೇಲಿದೆ, ಹಾಗಾಗಿ ನೆಲಕ್ಕೂ ಅದಕ್ಕೂ ದೂರ ಸೊನ್ನೆ, ಸೊನ್ನೆಯಿಂದ ಭಾಗಿಸುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇಲ್ಲಿ ದೂರ ಎಂದರೆ ಗ್ರಹದ ಕೇಂದ್ರದಿಂದ ವಸ್ತುವಿನ ಕೇಂದ್ರಕ್ಕೆ ಇರುವ ಅಂತರ. ಗ್ರಹದ ಒಂದೊಂದು ಕಲ್ಲು, ಒಂದೊಂದು ಹಿಡಿ ಮಣ್ಣೂ ವಸ್ತುವನ್ನು ಎಳೆಯುತ್ತದೆ. ಕಾಲ ಕೆಳಗಿನದು ಹತ್ತಿರದಿಂದ ಬಲವಾಗಿ, ಗ್ರಹದ ಆಚೆ ಬದಿಯದು ದೂರದಿಂದ ದುರ್ಬಲವಾಗಿ. ಗ್ರಹ ಸರಿಯಾದ ಗೋಳವಾಗಿದ್ದು, ಅದರ ಸಾಂದ್ರತೆ ಕೇಂದ್ರದಿಂದ ಎಲ್ಲ ದಿಕ್ಕಿಗೂ ಒಂದೇ ರೀತಿ ಬದಲಾಗುತ್ತಿದ್ದರೆ, ಈ ಎಲ್ಲ ಎಳೆತಗಳನ್ನು ಕೂಡಿಸಿದಾಗ ಇಡೀ ದ್ರವ್ಯರಾಶಿ ಕೇಂದ್ರದ ಒಂದೇ ಬಿಂದುವಿನಲ್ಲಿ ಇದ್ದಾಗ ಸಿಗುವಷ್ಟೇ ಬಲ ಸಿಗುತ್ತದೆ. ಇದನ್ನು ಸಾಧಿಸಿ ತೋರಿಸಿದವನು ನ್ಯೂಟನ್. ಮೇಲ್ಮೈಯ ಲೆಕ್ಕದಲ್ಲಿ ದೂರದ ಜಾಗಕ್ಕೆ ಗ್ರಹದ ತ್ರಿಜ್ಯವನ್ನು ಹಾಕುವುದಕ್ಕೆ ಆಧಾರ ಇದೇ. ರೋವರ್‌ನ ಎತ್ತರ ಎರಡು ಮೀಟರೋ ಮೂರು ಮೀಟರೋ ಎಂಬುದು 34 ಲಕ್ಷ ಮೀಟರ್‌ಗಳ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

'ಸರಿಯಾದ ಗೋಳವಾಗಿದ್ದರೆ' ಎಂಬ ಷರತ್ತನ್ನು ನೆನಪಿನಲ್ಲಿಡಿ. ಭೂಮಿಯ ಲೆಕ್ಕದಲ್ಲಿ ಅದೇ ಕೈಕೊಡುತ್ತದೆ.

ಬೇಕಾದ ಅಂಕಿಗಳು

ದ್ರವ್ಯರಾಶಿ ಕೆ.ಜಿ.ಯಲ್ಲಿ, ಸರಾಸರಿ ತ್ರಿಜ್ಯ ಮೀಟರ್‌ನಲ್ಲಿ:

ಬುಧ: 3.301 × 10²³, 2.4397 × 10⁶
ಶುಕ್ರ: 4.867 × 10²⁴, 6.0518 × 10⁶
ಭೂಮಿ: 5.972 × 10²⁴, 6.371 × 10⁶
ಚಂದ್ರ: 7.346 × 10²², 1.7374 × 10⁶
ಮಂಗಳ: 6.417 × 10²³, 3.3895 × 10⁶
ಗುರು: 1.898 × 10²⁷, 6.9911 × 10⁷

ಕೋಷ್ಟಕಗಳಲ್ಲಿ ತ್ರಿಜ್ಯ ಸಾಮಾನ್ಯವಾಗಿ ಕಿಲೋಮೀಟರ್‌ನಲ್ಲಿ ಇರುತ್ತದೆ, ಕೆಲವು ಕಡೆ ವ್ಯಾಸವನ್ನು ಕೊಟ್ಟಿರುತ್ತಾರೆ. ಅಂಕಿ ಬರೆದುಕೊಳ್ಳುವ ಹೊತ್ತಿಗೇ ವ್ಯಾಸವಾದರೆ ಅರ್ಧ ಮಾಡಿ, ಕಿಲೋಮೀಟರ್ ಆದರೆ ಸಾವಿರದಿಂದ ಗುಣಿಸಿ. 'ಕೊನೆಗೆ ಬದಲಾಯಿಸೋಣ' ಎಂದು ಬಿಟ್ಟರೆ ವರ್ಗ ಮಾಡಿದ ಮೇಲೆ ಒಂದು ಸಾವಿರವೋ ಹತ್ತು ಲಕ್ಷವೋ ಎಂಬ ಗೊಂದಲ ಶುರುವಾಗುತ್ತದೆ.

ಹೆಚ್ಚು ನಿಖರ ಉತ್ತರ ಬೇಕಿದ್ದರೆ ಇನ್ನೊಂದು ದಾರಿ ಇದೆ. ಕ್ಯಾಪಿಟಲ್ ಜಿ ಮತ್ತು ಗ್ರಹದ ದ್ರವ್ಯರಾಶಿಯನ್ನು ಬೇರೆಬೇರೆಯಾಗಿ ಹಾಕುವ ಬದಲು ಅವೆರಡರ ಗುಣಲಬ್ಧವನ್ನೇ ನೇರವಾಗಿ ಬಳಸಿ. ಭೂಮಿಗೆ ಅದು 3.986004 × 10¹⁴, ಮಂಗಳಕ್ಕೆ 4.2828 × 10¹³, ಚಂದ್ರನಿಗೆ 4.9028 × 10¹², ಗುರುವಿಗೆ 1.26687 × 10¹⁷. ಉಪಗ್ರಹಗಳ, ಗಗನನೌಕೆಗಳ ಚಲನೆಯನ್ನು ಅಳೆದಾಗ ನಮಗೆ ನೇರವಾಗಿ ಸಿಗುವುದು ಈ ಗುಣಲಬ್ಧವೇ. ಭೂಮಿಯದು ಹತ್ತು ಅಂಕಿಗಳವರೆಗೆ ಗೊತ್ತಿದೆ: 3.986004418. ಕ್ಯಾಪಿಟಲ್ ಜಿ ಮಾತ್ರ ಪ್ರಯೋಗಾಲಯದಲ್ಲಿ ಅಳೆಯಬೇಕಾದದ್ದು, ಅದೂ ಬಹಳ ಕಷ್ಟದಿಂದ. 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ 158 ಕೆ.ಜಿ.ಯ ಸೀಸದ ಗುಂಡುಗಳು ಚಿಕ್ಕ ಗುಂಡುಗಳನ್ನು ಎಷ್ಟು ಎಳೆಯುತ್ತವೆ ಎಂದು ಅಳೆದ. ಆ ಎಳೆತ ಬರೀ ಒಂದು ಮರಳಿನ ಕಣದ ತೂಕದಷ್ಟಿತ್ತು. ಎರಡು ಶತಮಾನ ಕಳೆದರೂ ಕ್ಯಾಪಿಟಲ್ ಜಿಯ ಬೆಲೆ 6.67430 ಎಂದು ಬರೆದು, ಐದನೇ ಅಂಕಿಯಲ್ಲಿ ಒಂದೂವರೆಯಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಸೇರಿಸಬೇಕಾಗಿದೆ. ಗ್ರಹಗಳ ದ್ರವ್ಯರಾಶಿ ಎಂದು ನಾವು ಓದುವ ಅಂಕಿಗಳು ಆ ಗುಣಲಬ್ಧವನ್ನು ಕ್ಯಾಪಿಟಲ್ ಜಿಯಿಂದ ಭಾಗಿಸಿ ಬಂದವು, ಆದ್ದರಿಂದ ಅವುಗಳ ನಿಖರತೆಯೂ ಅಷ್ಟಕ್ಕೇ ನಿಲ್ಲುತ್ತದೆ.

ಮಂಗಳನ ಲೆಕ್ಕ, ಹಂತ ಹಂತವಾಗಿ

ಸಾಮಾನ್ಯ ಸಂಖ್ಯೆಗಳನ್ನು ಒಂದು ಕಡೆ, ಹತ್ತರ ಘಾತಗಳನ್ನು ಇನ್ನೊಂದು ಕಡೆ ಇಟ್ಟುಕೊಂಡರೆ ಕಾಗದದ ಮೇಲೇ ಮುಗಿಯುತ್ತದೆ.

ಹಂತ 1. ಮೇಲಿನ ಭಾಗ: 6.674 × 6.417 = 42.827. ಘಾತಾಂಕಗಳನ್ನು ಕೂಡಿಸಿ: −11 + 23 = 12. ಅಂದರೆ 42.827 × 10¹².

ಹಂತ 2. ಕೆಳಗಿನ ಭಾಗ: 3.3895 × 3.3895 = 11.489. ವರ್ಗ ಮಾಡಿದಾಗ ಘಾತಾಂಕ ಎರಡರಷ್ಟಾಗುತ್ತದೆ: 6 + 6 = 12. ಅಂದರೆ 11.489 × 10¹².

ಹಂತ 3. ಭಾಗಿಸಿ. 10¹² ಮೇಲೂ ಇದೆ, ಕೆಳಗೂ ಇದೆ, ಹೊಡೆದುಹೋಗುತ್ತದೆ. 42.827 ÷ 11.489 = 3.728 ಮೀ/ಸೆ². ಮಂಗಳನ ಸ್ಮಾಲ್ ಜಿ ಇದು.

ಹಂತ 4. ರೋವರ್‌ನ ದ್ರವ್ಯರಾಶಿಯಿಂದ ಗುಣಿಸಿ: 1025 × 3.728 = 3821 ನ್ಯೂಟನ್.

ಭಾರ ಸಮನಾಗಿ ಹಂಚಿದೆ ಎಂದುಕೊಂಡರೆ ಒಂದೊಂದು ಚಕ್ರದ ಪಾಲಿಗೆ ಸುಮಾರು 637 ನ್ಯೂಟನ್. ಇದೇ ರೋವರ್ ಭೂಮಿಯ ಮೇಲೆ ನಿಂತಾಗ ಒಟ್ಟು ಬಲ 1025 × 9.81, ಅಂದರೆ ಸುಮಾರು 10,055 ನ್ಯೂಟನ್. ದ್ರವ್ಯರಾಶಿ ಎರಡೂ ಕಡೆ 1025 ಕೆ.ಜಿ.ಯೇ. ಮಂಗಳನ ಮೇಲೆ ಅದನ್ನು ಎತ್ತುವುದು ಸುಲಭ, ಆದರೆ ಓಡುತ್ತಿರುವಾಗ ನಿಲ್ಲಿಸಲು ಬೇಕಾಗುವ ಬಲ ಭೂಮಿಯಲ್ಲಿ ಬೇಕಾದಷ್ಟೇ.

ಪುಸ್ತಕಗಳಲ್ಲಿ ಮಂಗಳನಿಗೆ 3.71 ಎಂದಿರುವುದನ್ನು ನೋಡಿ, 'ನನ್ನ 3.73 ತಪ್ಪಾಯಿತೇ' ಎಂದು ಗಾಬರಿಯಾಗಬೇಕಿಲ್ಲ. ಸರಾಸರಿ ತ್ರಿಜ್ಯದ ಬದಲು ಸಮಭಾಜಕದ ತ್ರಿಜ್ಯ 3396.2 ಕಿ.ಮೀ. ಹಾಕಿ: 3.3962ರ ವರ್ಗ 11.534, ಆಗ 42.827 ÷ 11.534 = 3.713. ವ್ಯತ್ಯಾಸ ಬಂದದ್ದು ತ್ರಿಜ್ಯದ ಆಯ್ಕೆಯಿಂದ. ಉತ್ತರದ ಪಕ್ಕದಲ್ಲಿ ಯಾವ ತ್ರಿಜ್ಯ ಬಳಸಿದಿರಿ ಎಂದು ಬರೆದಿಡುವುದು ಒಳ್ಳೆಯ ರೂಢಿ. ಹಾಗೆಯೇ, ಇಷ್ಟು ಅಂಕಿಗಳಿಂದ ಬಂದ ಉತ್ತರವನ್ನು 3821.2 ಎಂದು ದಶಮಾಂಶದವರೆಗೆ ಎಳೆಯುವುದರಲ್ಲಿ ಅರ್ಥವಿಲ್ಲ. ಸುಮಾರು 3800 ನ್ಯೂಟನ್ ಎಂದರೆ ಸಾಕು.

ಕ್ಯಾಲ್ಕುಲೇಟರ್ ಬಳಸುವವರಿಗೆ

ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ 10ರ ಘಾತ ಹಾಕಲು ಪ್ರತ್ಯೇಕ ಕೀ ಇರುತ್ತದೆ. ಆ ಕೀಯಲ್ಲೇ 'ಇಂಟು ಹತ್ತು' ಅಡಗಿದೆ. 3.3895, ಆ ಕೀ, 6 ಎಂದಷ್ಟೇ ಒತ್ತಬೇಕು. ನಡುವೆ ಇಂಟು, 10 ಎಂದೂ ಸೇರಿಸಿದರೆ ತ್ರಿಜ್ಯ ಹತ್ತು ಪಟ್ಟಾಗಿ ಉತ್ತರ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಎರಡನೆಯದು ಆವರಣ. ಘಾತದ ಕೀ ಬಳಸದೆ, ಭಾಗಾಕಾರದ ಚಿಹ್ನೆಯ ನಂತರ 3.3895 × 10⁶ ಎಂದು ಹಾಗೇ ಒತ್ತಿದರೆ ಯಂತ್ರ 3.3895ರಿಂದ ಭಾಗಿಸಿ ಹತ್ತು ಲಕ್ಷದಿಂದ ಗುಣಿಸುತ್ತದೆ. ಇಡೀ ತ್ರಿಜ್ಯವನ್ನು ಆವರಣದೊಳಗೆ ಹಾಕಿ, ಆವರಣದ ಹೊರಗೆ ವರ್ಗದ ಕೀ ಒತ್ತಿ. ಅನುಮಾನವಿದ್ದರೆ ವರ್ಗದ ಗೊಡವೆಯೇ ಬೇಡ, ತ್ರಿಜ್ಯದಿಂದ ಒಮ್ಮೆ ಭಾಗಿಸಿ, ಬಂದ ಉತ್ತರವನ್ನು ಮತ್ತೊಮ್ಮೆ ಅದೇ ತ್ರಿಜ್ಯದಿಂದ ಭಾಗಿಸಿ. ಕೈತಪ್ಪಲು ಜಾಗವೇ ಇರುವುದಿಲ್ಲ.

ಉತ್ತರ ಸರಿಯೇ ಎಂದು ನೋಡುವ ಎರಡು ದಾರಿಗಳು

ಮೊದಲನೆಯದು ಅನುಪಾತ. ಮಂಗಳನ ದ್ರವ್ಯರಾಶಿ ಭೂಮಿಯ 0.1075ರಷ್ಟು, ತ್ರಿಜ್ಯ 0.532ರಷ್ಟು. 0.532ರ ವರ್ಗ 0.283. 0.1075 ÷ 0.283 = 0.3799. ಭೂಮಿಯ 9.82ರಿಂದ ಗುಣಿಸಿದರೆ 3.73. ಕ್ಯಾಪಿಟಲ್ ಜಿಯೂ ಬೇಡ, ಘಾತಾಂಕಗಳೂ ಬೇಡ. ಪರೀಕ್ಷೆಯಲ್ಲಿ ಬರುವ 'ಒಂದು ಗ್ರಹದ ದ್ರವ್ಯರಾಶಿ ಭೂಮಿಯ ಎರಡರಷ್ಟು, ತ್ರಿಜ್ಯ ಅರ್ಧದಷ್ಟು' ಎಂಬ ಜಾತಿಯ ಪ್ರಶ್ನೆಗಳಿಗೆ ಇದೊಂದೇ ಸರಿಯಾದ ದಾರಿ: 2 ÷ ¼ = 8 ಪಟ್ಟು. ಎರಡೂ ಎರಡರಷ್ಟಾದರೆ 2 ÷ 4, ಅಂದರೆ ಅರ್ಧ.

ಎರಡನೆಯದು ಸಾಂದ್ರತೆಯಿಂದ. ದ್ರವ್ಯರಾಶಿ ಎಂದರೆ ಸಾಂದ್ರತೆ ಇಂಟು ಗಾತ್ರ, ಗೋಳದ ಗಾತ್ರದಲ್ಲಿ ತ್ರಿಜ್ಯದ ಘನ ಇದೆ. ಅದನ್ನು ತ್ರಿಜ್ಯದ ವರ್ಗದಿಂದ ಭಾಗಿಸಿದಾಗ ಒಂದು ತ್ರಿಜ್ಯ ಉಳಿಯುತ್ತದೆ. ಹೀಗಾಗಿ ಸ್ಮಾಲ್ ಜಿ = 2.796 × 10⁻¹⁰ × ಸರಾಸರಿ ಸಾಂದ್ರತೆ × ತ್ರಿಜ್ಯ. ಆರಂಭದ ಸಂಖ್ಯೆ ನಾಲ್ಕು ಪೈ ಬೈ ಮೂರನ್ನು ಕ್ಯಾಪಿಟಲ್ ಜಿಯಿಂದ ಗುಣಿಸಿದ್ದು. ಮಂಗಳನ ಸಾಂದ್ರತೆ ಘನ ಮೀಟರ್‌ಗೆ 3933 ಕೆ.ಜಿ., ಉತ್ತರ 3.73. ಬುಧನ ಸಾಂದ್ರತೆ 5427, ತ್ರಿಜ್ಯ 2439.7 ಕಿ.ಮೀ., ಉತ್ತರ 3.70. ಬುಧ ಮಂಗಳಕ್ಕಿಂತ ಎಷ್ಟೋ ಚಿಕ್ಕದು, ದ್ರವ್ಯರಾಶಿಯೂ ಅರ್ಧದಷ್ಟೇ. ಆದರೂ ಎರಡರ ಮೇಲೂ ನಮ್ಮ ತೂಕ ಹೆಚ್ಚುಕಡಿಮೆ ಒಂದೇ. ಬುಧನ ಒಳಗೆ ಕಬ್ಬಿಣದ ತಿರುಳು ಬಹುಭಾಗವನ್ನು ತುಂಬಿರುವುದು ಇದಕ್ಕೆ ಕಾರಣ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟಾಗ ಗ್ರಹದ ಹೊಟ್ಟೆಯೊಳಗಿನ ಸಂಗತಿ ಹೀಗೆ ಹೊರಬೀಳುವುದು ಈ ವಿಷಯದ ನಿಜವಾದ ಸೊಗಸು.

ತಪ್ಪು ಬಂದಿದ್ದರೆ ಅದು ಎಷ್ಟು ಪಟ್ಟು ಎಂಬುದೇ ಕಾರಣ ಹೇಳುತ್ತದೆ. ಉತ್ತರ ಹತ್ತು ಲಕ್ಷ ಪಟ್ಟು ದೊಡ್ಡದಾಗಿದ್ದರೆ ತ್ರಿಜ್ಯ ಕಿಲೋಮೀಟರ್‌ನಲ್ಲೇ ಉಳಿದಿದೆ. ನಾಲ್ಕನೇ ಒಂದು ಭಾಗ ಬಂದಿದ್ದರೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಕುಳಿತಿದೆ. ಲಕ್ಷಾಂತರ ಪಟ್ಟು ದೊಡ್ಡದಾಗಿ, ಆ ಪಟ್ಟು ಸರಿಯಾಗಿ ತ್ರಿಜ್ಯದ ಸಂಖ್ಯೆಯಷ್ಟೇ ಇದ್ದರೆ ವರ್ಗ ಮರೆತಿದೆ. ಅಂತಿಮ ಬಲ ಸುಮಾರು ಹತ್ತು ಪಟ್ಟು ಹೆಚ್ಚಾಗಿದ್ದರೆ, ವಸ್ತುವಿನ ದ್ರವ್ಯರಾಶಿ ಹಾಕುವಲ್ಲಿ ನ್ಯೂಟನ್‌ನಲ್ಲಿದ್ದ ತೂಕವನ್ನು ಹಾಕಿದ್ದೀರಿ.

ಚಂದ್ರ ಮತ್ತು ಗುರು

ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನ ದ್ರವ್ಯರಾಶಿ 26 ಕೆ.ಜಿ. ಚಂದ್ರನ ಸ್ಮಾಲ್ ಜಿ: (4.9028 × 10¹²) ÷ (3.0186 × 10¹²) = 1.624. ಬಲ 26 × 1.624 = 42 ನ್ಯೂಟನ್. ಬೆಂಗಳೂರಿನಲ್ಲಿ ಅದೇ ರೋವರ್ 254 ನ್ಯೂಟನ್ ತೂಗುತ್ತಿತ್ತು. 42 ನ್ಯೂಟನ್ ಎಂದರೆ ಇಲ್ಲಿ ನಾಲ್ಕೂಕಾಲು ಕೆ.ಜಿ. ಅಕ್ಕಿಯ ಚೀಲ ಎತ್ತಿದಷ್ಟು. ಮಣ್ಣಿನಲ್ಲಿ ಚಕ್ರಕ್ಕೆ ಸಿಗುವ ಹಿಡಿತ ಈ ಬಲವನ್ನೇ ನಂಬಿಕೊಂಡಿರುತ್ತದೆ, ಹಾಗಾಗಿ ಭೂಮಿಯ ಮೇಲೆ ಚೆನ್ನಾಗಿ ಓಡುವ ಚಕ್ರ ಅಲ್ಲಿಯೂ ಹಾಗೇ ಓಡುತ್ತದೆ ಎಂದು ಹೇಳಲಾಗದು.

ಗುರುವಿನ ಕಥೆ ಬೇರೆ. ಅದಕ್ಕೆ ಕಾಲೂರಲು ನೆಲವೇ ಇಲ್ಲ. ಅನಿಲದ ಒತ್ತಡ 1 ಬಾರ್, ಅಂದರೆ ಹೆಚ್ಚುಕಡಿಮೆ ನಮ್ಮ ಸಮುದ್ರಮಟ್ಟದ ವಾಯುಒತ್ತಡದಷ್ಟು, ಇರುವ ಮಟ್ಟವನ್ನೇ 'ಮೇಲ್ಮೈ' ಎಂದು ಒಪ್ಪಿಕೊಳ್ಳಲಾಗಿದೆ. ಆ ಮಟ್ಟದಲ್ಲಿ ಸಮಭಾಜಕದ ತ್ರಿಜ್ಯ 71,492 ಕಿ.ಮೀ. ಅದನ್ನು ಹಾಕಿದರೆ 24.8 ಮೀ/ಸೆ² ಬರುತ್ತದೆ. ಆದರೆ ಗುರು ಹತ್ತು ಗಂಟೆಗೂ ಕಡಿಮೆ ಸಮಯದಲ್ಲಿ ಒಂದು ಸುತ್ತು ತಿರುಗುತ್ತದೆ. ಆ ತಿರುಗಾಟ ಸಮಭಾಜಕದಲ್ಲಿ 2.2ರಷ್ಟನ್ನು ಕಳೆಯುತ್ತದೆ, ಉಬ್ಬಿದ ನಡುಭಾಗ 0.5ರಷ್ಟನ್ನು ಮರಳಿ ಸೇರಿಸುತ್ತದೆ. ಕೊನೆಗೆ ಅಲ್ಲಿ ತೇಲುವ ವಸ್ತುವಿಗೆ ಅನುಭವವಾಗುವುದು ಸುಮಾರು 23.1. ಸಾದಾ ಸೂತ್ರದ ಉತ್ತರಕ್ಕೂ ಇದಕ್ಕೂ ನೂರಕ್ಕೆ ಏಳರಷ್ಟು ವ್ಯತ್ಯಾಸ.

ಭೂಮಿ: ಧ್ರುವದ ತ್ರಿಜ್ಯ ಹಾಕಿದರೆ ಏಕೆ ಸರಿ ಬರುವುದಿಲ್ಲ

ಶಾಲೆಯ ದುಂಡು ಅಂಕಿಗಳು (6.7 × 10⁻¹¹, 6 × 10²⁴, 6.4 × 10⁶) 9.8 ಕೊಡುತ್ತವೆ, ಸರಾಸರಿ ತ್ರಿಜ್ಯ 6371 ಕಿ.ಮೀ. ಹಾಕಿದರೆ 9.82. ಇಲ್ಲಿಯವರೆಗೆ ತೊಂದರೆಯಿಲ್ಲ. ಆಮೇಲೆ ಒಂದು ಸಹಜ ಆಲೋಚನೆ ಬರುತ್ತದೆ: ಭೂಮಿ ಧ್ರುವಗಳಲ್ಲಿ ಚಪ್ಪಟೆ, ಅಲ್ಲಿ ತ್ರಿಜ್ಯ 6356.75 ಕಿ.ಮೀ., ಸಮಭಾಜಕದಲ್ಲಿ 6378.14, ಆಯಾ ಜಾಗದ ತ್ರಿಜ್ಯ ಹಾಕಿದರೆ ಆಯಾ ಜಾಗದ ಸ್ಮಾಲ್ ಜಿ ಸಿಗಬೇಕಲ್ಲವೇ? ಹಲವು ವಿವರಣೆಗಳು ಹೀಗೇ ಹೇಳಿ ಮುಗಿಸುತ್ತವೆ. ಹಾಕಿ ನೋಡಿ. ಧ್ರುವಕ್ಕೆ 9.864 ಬರುತ್ತದೆ, ನಿಜವಾದದ್ದು 9.832. ಸಮಭಾಜಕಕ್ಕೆ 9.798 ಬರುತ್ತದೆ, ನಿಜವಾದದ್ದು 9.780. ಎರಡೂ ಕಡೆ ಹೆಚ್ಚೇ ಬಂತು.

ಕಾರಣ ಹಿಂದೆ ನೆನಪಿಡಿ ಎಂದ ಷರತ್ತಿನಲ್ಲಿದೆ. ಎಲ್ಲ ದ್ರವ್ಯರಾಶಿಯೂ ಕೇಂದ್ರದಲ್ಲಿದ್ದಂತೆ ಎಂಬ ಮಾತು ಗೋಳಕ್ಕೆ ಮಾತ್ರ ಸಲ್ಲುತ್ತದೆ. ಧ್ರುವದಲ್ಲಿ ನಿಂತವನಿಗೆ ಭೂಮಿಯ ನಡುವಿನ ಉಬ್ಬು ದೂರದಲ್ಲಿ, ಸುತ್ತಲೂ ಹರಡಿಕೊಂಡಿದೆ. ಅದರ ಎಳೆತದ ದೊಡ್ಡ ಪಾಲು ಅಡ್ಡಡ್ಡಕ್ಕೆ ಹೋಗಿ ಎದುರುಬದುರಿನದು ರದ್ದಾಗುತ್ತದೆ, ಕೆಳಮುಖವಾಗಿ ಉಳಿಯುವುದು ಕಡಿಮೆ. ಹಾಗಾಗಿ 9.864ರಿಂದ 0.032 ಕಳೆಯಬೇಕು, 9.832 ಸಿಗುತ್ತದೆ. ಸಮಭಾಜಕದಲ್ಲಿ ನಿಂತವನ ಕಾಲ ಕೆಳಗೇ ಉಬ್ಬಿದೆ. ಅದು ಹತ್ತಿರದಿಂದ ಎಳೆಯುತ್ತದೆ, 9.798ಕ್ಕೆ 0.016 ಸೇರಿಸಬೇಕು. ಅಲ್ಲಿಗೆ 9.814. ಆದರೆ ಸಮಭಾಜಕದಲ್ಲಿ ಇರುವವನು ಭೂಮಿಯ ಜೊತೆ ಸೆಕೆಂಡಿಗೆ 465 ಮೀಟರ್ ವೇಗದಲ್ಲಿ ಸುತ್ತುತ್ತಿದ್ದಾನೆ. ಗುರುತ್ವದ ಒಂದು ಪಾಲು ಅವನನ್ನು ಆ ವೃತ್ತದಲ್ಲಿ ಹಿಡಿದಿಡಲು ಖರ್ಚಾಗುತ್ತದೆ. ಆ ಪಾಲು ಕೋನೀಯ ವೇಗದ ವರ್ಗ ಇಂಟು ತ್ರಿಜ್ಯ: 7.292 × 10⁻⁵ರ ವರ್ಗ 5.317 × 10⁻⁹, ಅದನ್ನು 6.378 × 10⁶ರಿಂದ ಗುಣಿಸಿದರೆ 0.034. 9.814ರಿಂದ ಕಳೆದಾಗ 9.780. ಅಳೆದ ಬೆಲೆಗೆ ಸರಿಯಾಗಿ ಬಂದು ಕೂರುತ್ತದೆ.

ಕೋನೀಯ ವೇಗ ತೆಗೆಯಲು 2 ಪೈಯನ್ನು ಒಂದು ಸುತ್ತಿನ ಸಮಯದಿಂದ ಭಾಗಿಸಬೇಕು. ಆ ಸಮಯ 24 ಗಂಟೆಯಲ್ಲ, ನಕ್ಷತ್ರಗಳನ್ನು ಹಿಡಿದು ಎಣಿಸಿದಾಗ ಸಿಗುವ 86,164 ಸೆಕೆಂಡು.

ಮೇಲಕ್ಕೆ ಹೋದರೆ ದೂರಕ್ಕೆ ಎತ್ತರವನ್ನು ಕೂಡಿಸಬೇಕು. ಬರೀ ಎತ್ತರವನ್ನು ಹಾಕುವುದಲ್ಲ. 400 ಕಿ.ಮೀ. ಮೇಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ದೂರ 6771 ಕಿ.ಮೀ.; ಅಲ್ಲಿ 8.69 ಮೀ/ಸೆ². ಅಂದರೆ ನೆಲದ ಮೇಲಿನ ಗುರುತ್ವದ ನೂರಕ್ಕೆ 88ಕ್ಕೂ ಹೆಚ್ಚು ಭಾಗ ಅಲ್ಲಿ ಇದ್ದೇ ಇದೆ. ಗಗನಯಾತ್ರಿಗಳು ತೇಲುವುದು ನಿಲ್ದಾಣವೂ ಅವರೂ ಒಟ್ಟಿಗೆ ಬೀಳುತ್ತಿರುವುದರಿಂದ.

ಕೆಳಕ್ಕೆ ಇಳಿದರೆ? ಪಿಯುಸಿ ಪುಸ್ತಕದ ಸೂತ್ರ, ಆಳ ಹೆಚ್ಚಿದಂತೆ ಸ್ಮಾಲ್ ಜಿ ಕಡಿಮೆಯಾಗುತ್ತದೆ ಎನ್ನುತ್ತದೆ. ಆ ಸೂತ್ರ ಇಡೀ ಭೂಮಿಗೆ ಒಂದೇ ಸಾಂದ್ರತೆ ಎಂದು ಭಾವಿಸಿಕೊಂಡದ್ದು. ನಿಜವಾದ ಭೂಮಿಯ ಸರಾಸರಿ ಸಾಂದ್ರತೆ 5510, ಮೇಲಿನ ಬಂಡೆಗಳದು ಬರೀ 2700ರಿಂದ 3000. ಗಣಿಯೊಳಗೆ ಇಳಿಯುವಾಗ ನಾವು ತಲೆಯ ಮೇಲೆ ಬಿಟ್ಟುಹೋಗುವುದು ಈ ಹಗುರ ಬಂಡೆಯನ್ನು, ಹತ್ತಿರವಾಗುವುದು ಭಾರದ ಒಳಭಾಗಕ್ಕೆ. ಹಾಗಾಗಿ ಸ್ಮಾಲ್ ಜಿ ಮೊದಲು ಹೆಚ್ಚುತ್ತದೆ. 1854ರಲ್ಲಿ ಖಗೋಳವಿಜ್ಞಾನಿ ಜಾರ್ಜ್ ಏರಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ಲೋಲಕಗಳನ್ನು ಇಳಿಸಿ ಇದನ್ನೇ ಕಂಡ. ಕೋಲಾರದ ಚಿನ್ನದ ಗಣಿಗಳು 3 ಕಿ.ಮೀ.ಗೂ ಆಳಕ್ಕೆ ಹೋಗಿದ್ದವು. ಬಂಡೆಯ ಸಾಂದ್ರತೆ 3000 ಎಂದು ಹಿಡಿದರೆ ಅಷ್ಟು ಆಳದಲ್ಲಿ ಸ್ಮಾಲ್ ಜಿ ಸುಮಾರು 0.0017 ಹೆಚ್ಚಾಗುತ್ತದೆ, ಪುಸ್ತಕದ ಸೂತ್ರ ಹಾಕಿದರೆ 0.0046 ಕಡಿಮೆಯಾಗಬೇಕು. ಪರೀಕ್ಷೆಗೆ ಪುಸ್ತಕದ ಸೂತ್ರವನ್ನೇ ಬರೆಯಿರಿ, ಆದರೆ ಅದರ ಹಿಂದಿನ ಊಹೆ ಏನೆಂಬುದು ತಿಳಿದಿರಲಿ.

ನಿಮ್ಮ ಊರಿನ ಸ್ಮಾಲ್ ಜಿ

ಭೂಮಿಯ ಆಕಾರ, ತಿರುಗಾಟ ಎರಡನ್ನೂ ಸೇರಿಸಿದ ಸರಳ ರೂಪ ಇದು:

ಸ್ಮಾಲ್ ಜಿ = 9.7803 + 0.0519 × (ಅಕ್ಷಾಂಶದ ಸೈನ್)² − 0.00000309 × ಸಮುದ್ರಮಟ್ಟದಿಂದ ಎತ್ತರ (ಮೀಟರ್‌ನಲ್ಲಿ)

ಬೆಂಗಳೂರಿನ ಅಕ್ಷಾಂಶ 12.97 ಡಿಗ್ರಿ, ಎತ್ತರ ಸುಮಾರು 920 ಮೀಟರ್. ಸೈನ್ 0.2244, ಅದರ ವರ್ಗ 0.0504. ಅಕ್ಷಾಂಶದ ಪಾಲು +0.0026, ಎತ್ತರದ ಪಾಲು −0.0028. ಉತ್ತರ 9.7801. ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದು ಸಮುದ್ರಮಟ್ಟದಲ್ಲಿರುವ ಮಂಗಳೂರಿಗೆ 9.7829. ದೆಹಲಿಗೆ (28.6 ಡಿಗ್ರಿ, 216 ಮೀಟರ್) 9.7915. ಲಂಡನ್ನಿಗೆ 9.812. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದರೆ ಸೈನ್ ಬೇರೆಯೇ ಬರುತ್ತದೆ, ಡಿಗ್ರಿಗೆ ಹಾಕಿಕೊಳ್ಳಿ. ನೆಲದಡಿಯ ಬಂಡೆಗಳ ಸಾಂದ್ರತೆ ಊರಿಂದೂರಿಗೆ ಬದಲಾಗುವುದರಿಂದ ನಾಲ್ಕನೇ ದಶಮಾಂಶದಲ್ಲಿ, ಬೆಟ್ಟಗುಡ್ಡದ ಸೀಮೆಯಲ್ಲಿ ಮೂರನೆಯದರಲ್ಲೂ, ವ್ಯತ್ಯಾಸ ಇರಬಹುದು. ಶಾಲೆಯ ಲೋಲಕದ ಪ್ರಯೋಗದಲ್ಲಿ 9.80 ಬರಲಿಲ್ಲವೆಂದು ಅಂಕಿ ತಿದ್ದುವ ವಿದ್ಯಾರ್ಥಿಗಳಿಗೆ ಇದನ್ನು ಹೇಳಲೇಬೇಕು: ಬೆಂಗಳೂರಿನಲ್ಲಿ ಸರಿಯಾದ ಉತ್ತರ 9.78.

ಇಷ್ಟು ಸಣ್ಣ ವ್ಯತ್ಯಾಸ ಎಲ್ಲಿ ಮುಖ್ಯವಾಗುತ್ತದೆ ಎಂದರೆ ಚಿನ್ನದಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಅದು ಅಳೆಯುವುದು ಬಲವನ್ನು. ಆ ಬಲವನ್ನು ತನ್ನೊಳಗೆ ದಾಖಲಾಗಿರುವ ಅಳತೆಗೆ ಹೋಲಿಸಿ ಗ್ರಾಂ ಎಂದು ತೋರಿಸುತ್ತದೆ. ದೆಹಲಿಯಲ್ಲಿ ಹೊಂದಿಸಿದ ತಕ್ಕಡಿಯನ್ನು ಹಾಗೇ ಬೆಂಗಳೂರಿಗೆ ತಂದು 100 ಗ್ರಾಂ ಚಿನ್ನ ಇಟ್ಟರೆ, 100 × 9.7801 ÷ 9.7915, ಅಂದರೆ 99.88 ಗ್ರಾಂ ತೋರಿಸುತ್ತದೆ. ಲಂಡನ್ನಿನಲ್ಲಿ ಹೊಂದಿಸಿದ್ದಾದರೆ 99.67. ಎರಡು ತಟ್ಟೆಯ ಹಳೆಯ ತಕ್ಕಡಿಗೆ ಈ ತೊಂದರೆಯೇ ಇಲ್ಲ, ಎರಡೂ ತಟ್ಟೆಯ ಮೇಲೆ ಗುರುತ್ವ ಒಂದೇ ಪ್ರಮಾಣದಲ್ಲಿ ಬದಲಾಗುತ್ತದೆ.

ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬೇರೆ ಊರಿಗೆ ಒಯ್ದರೆ ಮೊದಲು ಮಟ್ಟವಾದ, ಅಲುಗದ ಮೇಜಿನ ಮೇಲೆ ಇಟ್ಟು, ಮಟ್ಟ ತೋರಿಸುವ ಗಾಜಿನೊಳಗಿನ ಗುಳ್ಳೆಯನ್ನು ನಡುವಿಗೆ ತನ್ನಿ. ಆನ್ ಮಾಡಿ ಅರ್ಧ ಗಂಟೆಯಾದರೂ ಬಿಟ್ಟು, ಸೊನ್ನೆ ಮಾಡಿ, ಪ್ರಮಾಣಿತ ತೂಕದ ಬಟ್ಟನ್ನು ಇಟ್ಟು ನೋಡಿ. ಕೈಯ ಎಣ್ಣೆ ಬಟ್ಟಿಗೆ ಅಂಟದಂತೆ ಚಿಮುಟದಿಂದ ಹಿಡಿಯಿರಿ. ವ್ಯಾಪಾರಕ್ಕೆ ಬಳಸುವ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ತಕ್ಕಡಿಯಾದರೆ ವ್ಯತ್ಯಾಸ ಕಂಡಾಗ ನೀವೇ ತಿದ್ದಲು ಹೋಗಬೇಡಿ. ಪರವಾನಗಿ ಇರುವ ರಿಪೇರಿಯವರಿಂದ ಸರಿಪಡಿಸಿ ಮರುಪರಿಶೀಲನೆ ಮಾಡಿಸಿ. ಬಟ್ಟು ಇಲ್ಲದಿದ್ದರೂ ಎರಡು ಊರುಗಳ ಸ್ಮಾಲ್ ಜಿ ಗೊತ್ತಿದ್ದರೆ ತಕ್ಕಡಿ ಎಷ್ಟು ತಪ್ಪು ತೋರಿಸಬೇಕು ಎಂದು ಮುಂಚೆಯೇ ಲೆಕ್ಕ ಹಾಕಬಹುದು. ಪರೀಕ್ಷಿಸಿದಾಗ ಕಂಡ ವ್ಯತ್ಯಾಸ ಅದಕ್ಕಿಂತ ಬಹಳ ಹೆಚ್ಚಿದ್ದರೆ ದೋಷ ತಕ್ಕಡಿಯೊಳಗೇ ಇದೆ.